ಕಥೆ ಬದಲಾದರೂ ಲೆಕ್ಕ ಬದಲಾಗಬಾರದು

ಕಿತ್ತೂರಿನಲ್ಲಿ ಮುಂಜಾನೆ ಹುಟ್ಟಿದ ಸುದ್ದಿಯೊಂದು ಬೈಲಹೊಂಗಲದ ಹತ್ತಿಯ ಪೇಟೆಯನ್ನು ಹಾದು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದ ಯಾತ್ರಿಕರ ಬಾಯಿಗೆ ಬಿದ್ದು, ದೀಪ ಹಚ್ಚುವ ಹೊತ್ತಿಗೆ ರಾಮದುರ್ಗದ ನೇಕಾರರ ಓಣಿಯನ್ನು ಮುಟ್ಟಿತೆಂದು ಇಟ್ಟುಕೊಳ್ಳೋಣ. ಹೊರಟ ರೂಪದಲ್ಲಿಯೇ ಅದು ಬಂದು ತಲುಪುವುದುಂಟೇ? ಕಿತ್ತೂರಿನಲ್ಲಿ ಎತ್ತಿನ ಕಾಲು ಜಾರಿದ್ದರೆ ಬೈಲಹೊಂಗಲದಲ್ಲಿ ಚಕ್ಕಡಿಯೇ ಮಗುಚಿರುತ್ತದೆ. ಸವದತ್ತಿಯಲ್ಲಿ ಚಕ್ಕಡಿಯಲ್ಲಿದ್ದ ಇಬ್ಬರಿಗೆ ಪೆಟ್ಟಾಗಿರುತ್ತದೆ. ರಾಮದುರ್ಗದಲ್ಲಿ ಆ ಇಬ್ಬರು ಉಳಿದರೋ ಇಲ್ಲವೋ ಎಂಬ ಚರ್ಚೆ ನಡೆದಿರುತ್ತದೆ.

ಹೇಳಿದವರಾರೂ ಬೇಕೆಂದು ಸುಳ್ಳಾಡಿದವರಲ್ಲ. ಹಗೇವಿನಲ್ಲಿ ಜೋಳ ತುಂಬಿದಂತೆ ಮನಸ್ಸು ಕೇಳಿದುದನ್ನೆಲ್ಲ ತುಂಬಿಟ್ಟುಕೊಳ್ಳುವುದಿಲ್ಲ. ನೆನೆದಾಗಲೆಲ್ಲ ಹೊಸದಾಗಿ ನೇಯುತ್ತದೆ. ಈ ಸೋಜಿಗವನ್ನು ಶಾಸ್ತ್ರದ ಕಣ್ಣಿನಿಂದ ಪರೀಕ್ಷಿಸಿ ಹೆಸರಾದವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಫ್ರೆಡರಿಕ್ ಬಾರ್ಟ್‌ಲೆಟ್. ಉತ್ತರ ಅಮೆರಿಕೆಯ ಮೂಲನಿವಾಸಿಗಳಲ್ಲಿ ಪ್ರಚಲಿತವಿದ್ದ ‘ಪ್ರೇತಗಳ ಯುದ್ಧ’ ಎಂಬ ಕಥೆಯನ್ನು ಅವರು ಇಂಗ್ಲಿಷರಿಗೆ ಓದಲು ಕೊಟ್ಟು, ಬಳಿಕ ನೆನಪಿನಿಂದ ಬರೆಯಿಸಿದರು. ಮೂಲದಲ್ಲಿ ಕಡಲನಾಯಿಯ ಬೇಟೆ ಇದ್ದಲ್ಲಿ ಬರೆದವರ ಕೈಯಲ್ಲಿ ಮೀನು ಹಿಡಿಯುವ ಮಾತು ಬಂದಿತು. ಮರ ಕೊರೆದು ಮಾಡಿದ ತೋಡುದೋಣಿ ಸಾಮಾನ್ಯ ದೋಣಿಯಾಯಿತು. ಅರ್ಥವಾಗದ ಪ್ರೇತಗಳು ಮೆಲ್ಲಗೆ ಮರೆಯಾದುವು. ೧೯೩೨ರಲ್ಲಿ ಅವರು ಪ್ರಕಟಿಸಿದ ಗ್ರಂಥವು ನೆನಪಿನ ವಿಚಾರದಲ್ಲಿ ಇಂದಿಗೂ ವಿದ್ವಾಂಸರು ತೆರೆದು ನೋಡುವ ಪುಸ್ತಕ.

ಈಗ ಬೈಲಹೊಂಗಲದ ಒಬ್ಬ ವಿದ್ಯಾರ್ಥಿನಿಯನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಆಕೆ ಮನಶ್ಶಾಸ್ತ್ರವನ್ನು ಆರಿಸಿಕೊಂಡು ಓದುತ್ತಿರುವವಳು. ವರ್ಷದ ಕೊನೆಗೆ ಒಂದು ಪ್ರಯೋಗವನ್ನು ನಡೆಯಿಸಿ ಅದರ ಮೇಲೆ ಸಂಶೋಧನ ಪ್ರಬಂಧವನ್ನು ಬರೆದುಕೊಡಬೇಕು. ಬಾರ್ಟ್‌ಲೆಟರ ಪುಸ್ತಕ ಅವಳ ಮನಸ್ಸನ್ನು ಹಿಡಿದಿದೆ. ಕಥೆಗಳಿಗೆ ತನ್ನ ಸೀಮೆಯಲ್ಲಿ ಬರವೇ? ೧೮೨೪ರ ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಗುಂಡಿಗೆ ಬಲಿಯಾದುದು, ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕೊನೆಯುಸಿರೆಳೆದುದು, ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದುದು – ಇವೆಲ್ಲ ಲಾವಣಿಯಾಗಿ ಹಳ್ಳಿ ಹಳ್ಳಿಯಲ್ಲಿ ಹಾಡಲ್ಪಟ್ಟಿವೆ. ಬೈಲಹೊಂಗಲದಲ್ಲಿಯೇ ನಡೆದುದೆಂದು ಹೇಳಲಾಗುವ ಸಂಗ್ಯಾ-ಬಾಳ್ಯಾರ ದುರಂತ ಸಣ್ಣಾಟವಾಗಿ ನಾಡೆಲ್ಲ ಮೆರೆದಿದೆ. ಇವುಗಳಲ್ಲೊಂದನ್ನು ಹಿರಿಯರಿಗೆ ಹೇಳಿ, ಮರುದಿನ ಅವರ ಬಾಯಿಂದ ಕೇಳಿದರೆ ಪ್ರಯೋಗವಾಯಿತಲ್ಲ ಎಂದು ಅವಳ ಎಣಿಕೆ.

ಮಾರ್ಗದರ್ಶಕರು ಕೇಳುವುದು ಒಂದೇ ಮಾತು: “ಸಂಗ್ಯಾ-ಬಾಳ್ಯಾ ಆಟವನ್ನು ನಿಮ್ಮ ಊರ ಹಿರಿಯರು ನೂರು ಸಲ ನೋಡಿದ್ದಾರೆ. ನಾಳೆ ಅವರು ಹೇಳುವುದು ನೀನು ಹೇಳಿದ ಕಥೆಯನ್ನೋ, ರಂಗದ ಮೇಲೆ ಕಂಡುದನ್ನೋ? ಎರಡನ್ನೂ ಬೇರ್ಪಡಿಸುವ ಬಗೆ ಯಾವುದು?” ವಿದ್ಯಾರ್ಥಿನಿಯ ಬಳಿ ಉತ್ತರವಿಲ್ಲ. ಪ್ರಬಂಧದ ಬರವಣಿಗೆ ನಿಜವಾಗಿ ಆರಂಭವಾಗುವುದು ಇಲ್ಲಿಯೇ. ಲೇಖನಿಯನ್ನು ಕೈಗೆತ್ತಿಕೊಳ್ಳುವ ಮೊದಲು ಪ್ರಶ್ನೆ ನೇರವಾಗಬೇಕು.

ಹಲವು ದಿನಗಳ ಬಳಿಕ ಅವಳ ಪ್ರಶ್ನೆ ಈ ರೂಪಕ್ಕೆ ಬರುತ್ತದೆ: ಹೊಸ ಕಥೆಯೊಂದು ಪರಿಚಿತವಾದ ಹಿನ್ನೆಲೆಯಲ್ಲಿ ನಡೆದರೆ ಹೆಚ್ಚು ನೆನಪಿರುತ್ತದೆಯೇ, ಅಪರಿಚಿತ ಹಿನ್ನೆಲೆಯಲ್ಲಿ ನಡೆದರೆ ಕಡಿಮೆಯೇ? ದಾರಿ ತಪ್ಪಿದ ಮಗುವನ್ನು ಒಬ್ಬ ದಾರಿಹೋಕ ತಾಯಿಗೆ ಒಪ್ಪಿಸಿದ ಕಥೆಯೊಂದನ್ನು ಅವಳೇ ಕಟ್ಟುತ್ತಾಳೆ. ಒಂದು ಪಾಠದಲ್ಲಿ ಅದು ಸವದತ್ತಿಯ ಜಾತ್ರೆಯಲ್ಲಿ ನಡೆಯುತ್ತದೆ. ಇನ್ನೊಂದರಲ್ಲಿ ದೂರದ ಹಿಮದ ನಾಡಿನ ಮೀನುಗಾರರ ಹಬ್ಬದಲ್ಲಿ. ಎರಡರಲ್ಲಿಯೂ ಎಣಿಸಿ ೨೪ ಅಂಶಗಳು, ಉದ್ದವೂ ಒಂದೇ. ನಾಲ್ಕು ಊರುಗಳಲ್ಲಿ ಊರಿಗೆ ಹತ್ತರಂತೆ ನಾಲ್ವತ್ತು ಮಂದಿ ಹಿರಿಯರು. ಪ್ರತಿ ಊರಿನಲ್ಲಿ ಐವರಿಗೆ ಒಂದು ಪಾಠ, ಐವರಿಗೆ ಇನ್ನೊಂದು. ಯಾರಿಗೆ ಯಾವುದೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ನೆನಪು ಚುರುಕಾದವರನ್ನೆಲ್ಲ ತನಗೆ ಬೇಕಾದ ಗುಂಪಿಗೆ ಸೇರಿಸಿಕೊಳ್ಳುವ ಆಸೆ ಅವಳಿಗೇ ಗೊತ್ತಾಗದಂತೆ ಬಂದೀತು. ‘ಜಾತ್ರೆಯ ಕಥೆಯ ಅಂಶಗಳು ಹೆಚ್ಚು ನೆನಪಿರುತ್ತವೆ’ ಎಂಬ ಊಹೆಯನ್ನು ಪ್ರಯೋಗಕ್ಕೆ ಮುಂಚೆಯೇ ಬರೆದು, ತಾರೀಕು ಹಾಕಿ, ಮಾರ್ಗದರ್ಶಕರ ವಶಕ್ಕೆ ಕೊಡುತ್ತಾಳೆ. ಈ ಊಹೆಗೆ ಶಾಸ್ತ್ರದಲ್ಲಿ ಪ್ರಾಕ್ಕಲ್ಪನೆ ಎಂದು ಹೆಸರು. ಅದು ಮುಂದೆ ಅವಳನ್ನು ಹೇಗೆ ಕಾಯಿತೆಂಬುದು ಆಮೇಲಿನ ಮಾತು.

ಇಷ್ಟೆಲ್ಲ ಕಟ್ಟುಪಾಡು ಒಂದು ಪ್ರಬಂಧಕ್ಕೆ ಏತಕ್ಕೆ ಎಂದು ಕೇಳುವವರುಂಟು. ಇದಕ್ಕೆ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿದೆ. ಮೈಸೂರಿನಲ್ಲಿ ೧೯೨೪ರಷ್ಟು ಹಿಂದೆಯೇ ಮನಶ್ಶಾಸ್ತ್ರ ವಿಭಾಗವು ಮೊದಲಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. ಮುಂದೆ ೧೯೩೫ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಅದೇ ಕಾಲದಲ್ಲಿ, ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ವಿ. ವಿ. ಕಾಮತರು ಬಿನೆ ಎಂಬ ಫ್ರೆಂಚ್ ಪಂಡಿತರ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಅದರ ಪ್ರಬಂಧ ೧೯೩೪ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿಯೂ ಗ್ರಂಥ ೧೯೪೦ರಲ್ಲಿಯೂ ಪ್ರಕಟವಾದುವು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ಭಾರತದ ಆಸ್ಪತ್ರೆಗಳಲ್ಲಿಯೂ ಶಾಲೆಗಳಲ್ಲಿಯೂ ಹಲವು ದಶಕಗಳ ಕಾಲ ನಡೆದುಬಂದಿದೆ.

ಯಾವ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಬೇಕು, ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನು ಬರೆದಿಟ್ಟುದರಿಂದಲೇ, ಕಾಮತರ ಮುಖವನ್ನು ಎಂದೂ ಕಾಣದ ಪರೀಕ್ಷಕರೂ ಅದನ್ನು ನಡೆಯಿಸಬಲ್ಲವರಾದರು. ಅಂತಹ ಪರೀಕ್ಷೆಯ ಅಂಕವನ್ನು ನೋಡಿ ಒಂದು ಮಗು ಯಾವ ಶಾಲೆಗೆ ಹೋಗಬೇಕು, ಅದಕ್ಕೆ ಸಹಾಯದ ಪ್ರಮಾಣಪತ್ರ ದೊರೆಯಬೇಕೋ ಬೇಡವೋ ಎಂದು ತೀರ್ಮಾನಿಸಿದುದುಂಟು. ಪ್ರಬಂಧದ ಒಂದು ಕೋಷ್ಟಕದಲ್ಲಿ ಅಂಕಿ ತಪ್ಪಿದರೆ ತಪ್ಪಿದುದು ಕಾಗದದಲ್ಲಿ ಮಾತ್ರವಲ್ಲ, ಯಾರದೋ ಮನೆಯ ಕೂಸಿನ ಬಾಳಿನಲ್ಲಿ.

ಇನ್ನೊಂದು ನಿದರ್ಶನವು ಬಿಹಾರದ್ದು. ೧೯೩೪ರ ಜನವರಿ ೧೫ರಂದು ಅಲ್ಲಿ ಘೋರ ಭೂಕಂಪವಾಯಿತು. ಇದಕ್ಕಿಂತ ದೊಡ್ಡ ಅನಾಹುತ ಮುಂದಿದೆ ಎಂಬ ಗಾಳಿಸುದ್ದಿಗಳು ಎಲ್ಲೆಡೆ ಹಬ್ಬಿದುವು. ಜಮುನಾ ಪ್ರಸಾದ್ ಎಂಬ ವಿದ್ವಾಂಸರು ಅವುಗಳನ್ನು ಕಲೆಹಾಕಿ, ೧೯೩೫ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಇಪ್ಪತ್ತು ವರ್ಷಗಳ ತರುವಾಯ ಅದು ಅಮೆರಿಕೆಯ ಲಿಯೋನ್ ಫೆಸ್ಟಿಂಗರ್ ಅವರ ಕಣ್ಣಿಗೆ ಬಿದ್ದಿತು. ನೆಲ ನಡುಗಿದ್ದರೂ ಹಾನಿಯನ್ನು ಕಾಣದ ಜನರು ಇನ್ನೂ ಭಯಂಕರವಾದ ಸುದ್ದಿಗಳನ್ನು ಏಕೆ ನಂಬಿದರು? ಮನಸ್ಸಿನಲ್ಲಿ ಹೊಕ್ಕ ಭಯಕ್ಕೆ ಒಪ್ಪುವಂತಹ ಕಾರಣವನ್ನು ಮನಸ್ಸು ಹುಡುಕಿಕೊಂಡಿತೇ? ಈ ಯೋಚನೆಯಿಂದ ಮೊಳೆತು ೧೯೫೭ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ಅವರ ಸಿದ್ಧಾಂತವನ್ನು ಇಂದು ಜಗತ್ತಿನ ಮನಶ್ಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಓದುತ್ತಾರೆ. ಪ್ರಸಾದರು ತಾವು ಕೇಳಿದ ಸುದ್ದಿಗಳನ್ನು ನಿಷ್ಠೆಯಿಂದ ಬರೆದಿಡದೆ, ತಮ್ಮ ಅಭಿಪ್ರಾಯವನ್ನಷ್ಟೇ ಬರೆದಿದ್ದರೆ? ಅಪರಿಚಿತ ದೇಶದ ಅಪರಿಚಿತ ಓದುಗನಿಗೆ ಅದರಿಂದ ಏನೂ ದೊರೆಯುತ್ತಿರಲಿಲ್ಲ.

ಆದುದರಿಂದ ಪ್ರಬಂಧವೆಂಬುದು ಅಪರಿಚಿತರಿಗೆ ಬರೆದ ಓಲೆ. ಬೈಲಹೊಂಗಲದಲ್ಲಿ ಮಾಡಿದುದನ್ನು ರಾಮದುರ್ಗದಲ್ಲಿ ಕುಳಿತ ಇನ್ನೊಬ್ಬರು, ಬರೆದವರನ್ನು ಒಂದು ಮಾತೂ ಕೇಳದೆ, ಮತ್ತೆ ಮಾಡಿ ನೋಡುವಂತಿರಬೇಕು.

ಓಲೆಯ ಅಂಗಗಳು ಗೊತ್ತಾದುವೇ. ಅಮೆರಿಕೆಯಲ್ಲಿ ೧೯೨೯ರಲ್ಲಿ ಏಳೇ ಪುಟಗಳಲ್ಲಿ ಅಚ್ಚಾದ ಬರವಣಿಗೆಯ ನಿಯಮಗಳು ಇಂದು ನಾಲ್ಕುನೂರು ಪುಟ ಮೀರಿದ ಕೈಪಿಡಿಯಾಗಿ ಬೆಳೆದಿವೆ. ಅವುಗಳ ತಿರುಳು ಮಾತ್ರ ಸರಳವಾದುದು. ಏನನ್ನು ಕೇಳಿದಿರಿ, ಏಕೆ ಕೇಳಿದಿರಿ ಎಂಬುದು ಪೀಠಿಕೆ. ಏನು ಮಾಡಿದಿರಿ ಎಂಬುದು ವಿಧಾನ. ಏನು ಕಂಡಿರಿ ಎಂಬುದು ಫಲಿತಾಂಶ. ಅದರ ಅರ್ಥವೇನು ಎಂಬುದು ಚರ್ಚೆ. ಇವೆಲ್ಲದರ ಸಾರವನ್ನು ಮೊದಲ ಪುಟದಲ್ಲಿ ಸಾರಾಂಶವೆಂದು ಕೊಡುತ್ತಾರೆ. ಓದುವ ಕ್ರಮ ಇದಾದರೂ ಬರೆಯುವ ಕ್ರಮ ಬೇರೆ. ಅನುಭವಸ್ಥರು ಮೊದಲು ವಿಧಾನವನ್ನು ಬರೆಯುತ್ತಾರೆ. ಮಾಡಿದುದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಅದು ಕಾಗದಕ್ಕಿಳಿಯಬೇಕು. ಆಮೇಲೆ ಫಲಿತಾಂಶ, ಬಳಿಕ ಪೀಠಿಕೆ ಹಾಗೂ ಚರ್ಚೆ. ಎಲ್ಲಕ್ಕೂ ಕೊನೆಗೆ ಸಾರಾಂಶ.

ತಲೆಬರಹಕ್ಕೂ ಒಂದು ಮಾತು ಸಲ್ಲಬೇಕು. ‘ನೆನಪಿನ ಮಾಯಾಲೋಕ’ ಎಂಬುದು ಕಾದಂಬರಿಗೆ ಒಪ್ಪುವ ಹೆಸರು. ‘ಪರಿಚಿತ ಹಾಗೂ ಅಪರಿಚಿತ ಹಿನ್ನೆಲೆಯ ಕಥೆಗಳನ್ನು ಹಿರಿಯರು ಮರುದಿನ ನೆನೆಯುವ ಬಗೆ’ ಎಂದರೆ ಸೊಗಸು ಕಡಿಮೆಯಾದೀತು. ಹುಡುಕಿ ಬಂದವನಿಗೆ ಮಾತ್ರ ದಾರಿ ತಪ್ಪದು.

ನಮ್ಮ ವಿದ್ಯಾರ್ಥಿನಿ ವಿಧಾನವನ್ನು ಬರೆಯಲು ಕುಳಿತಾಗ ಸವದತ್ತಿಯ ಒಂದು ಸಂಜೆ ಅವಳ ನೆನಪಿಗೆ ಬರುತ್ತದೆ. ಅಂದು ಕಥೆ ಹೇಳುವ ಮೊದಲು ಎಲ್ಲರಿಗೂ ಓದಿ ಹೇಳಬೇಕಾದ ಸೂಚನೆಯನ್ನು ಅವಳು ಕಾಗದದಿಂದ ಓದಿ ಮುಗಿಸಿದ್ದಳು. ಎದುರಿಗೆ ಕುಳಿತ ಅಜ್ಜಿಗೆ ಭಯ.

“ನಾ ತಪ್ಪು ಹೇಳಿದ್ರ ಫೇಲ್ ಆಗ್ತೀನೇನ ತಂಗಿ?”

“ಇಲ್ಲ ಆಯಿ, ಇದು ಪರೀಕ್ಷೆ ಅಲ್ಲ. ನಿಮಗ ನೆನಪಾದಷ್ಟು ಹೇಳ್ರಿ, ಸಾಕು.”

ಕಾಗದದಲ್ಲಿ ಇಲ್ಲದ ಈ ಸಮಾಧಾನದ ಮಾತು ಒಬ್ಬ ಅಜ್ಜಿಗೆ ಮಾತ್ರ ದೊರೆಯಿತು. ಉಳಿದ ಮೂವತ್ತೊಂಬತ್ತು ಮಂದಿಗೆ ದೊರೆಯಲಿಲ್ಲ. ಅದರಿಂದ ಅಜ್ಜಿಯ ನೆನಪು ಬಿಚ್ಚಿಕೊಂಡಿತೋ ಏನೋ. ಅಜ್ಜಿಗೆ ಧೈರ್ಯ ಹೇಳಿದುದು ತಪ್ಪಲ್ಲ. ಹೇಳಿದುದನ್ನು ಪ್ರಬಂಧದಲ್ಲಿ ಮುಚ್ಚಿಡುವುದು ತಪ್ಪು. ಒಂದೇ ಸಾಲಿನಲ್ಲಿ ಅದನ್ನು ಕಾಣಿಸಬೇಕು. ಸೂಚನೆಯ ಕನ್ನಡ ಪಾಠವನ್ನು ಅನುಬಂಧದಲ್ಲಿ ಇದ್ದಂತೆಯೇ ಕೊಡಬೇಕು. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದರೂ ಈ ನಿಯಮ ತಪ್ಪಕೂಡದು. ಆಯಿ ಕೇಳಿದುದು ಕನ್ನಡವನ್ನೇ ಹೊರತು ಅದರ ಅನುವಾದವನ್ನಲ್ಲ.

ಒಪ್ಪಿಗೆಯ ವಿಷಯವೂ ವಿಧಾನದಲ್ಲಿಯೇ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಮನುಷ್ಯರ ನಡವಳಿಕೆಯ ಅಧ್ಯಯನಗಳಿಗೂ ಅನ್ವಯಿಸುತ್ತವೆ. ಪ್ರಯೋಗವೇನೆಂಬುದನ್ನು ತಿಳಿಯುವ ಮಾತಿನಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು, ಬೇಡವೆನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯವಿರಬೇಕು, ಗುರುತು ಗುಟ್ಟಾಗಿರಬೇಕು. ಹೆಸರನ್ನು ಬಿಟ್ಟ ಮಾತ್ರಕ್ಕೆ ಗುರುತು ಅಡಗುವುದಿಲ್ಲ. ಸಣ್ಣ ಊರಿನಲ್ಲಿ ‘ಕೋಟೆಯ ಓಣಿಯ ನಿವೃತ್ತ ಅಂಚೆಯಣ್ಣ’ ಎಂದರೆ ಮುಗಿಯಿತು, ಹೆಸರನ್ನು ಹೇಳಿದಂತೆಯೇ.

ಹಿರಿಯರು ಮರುದಿನ ಹೇಳಿದುದನ್ನು ದೂರವಾಣಿಯಲ್ಲಿ ಮುದ್ರಿಸಿಕೊಂಡು, ಅಕ್ಷರಶಃ ಬರೆದು, ೨೪ ಅಂಶಗಳಲ್ಲಿ ಎಷ್ಟು ಉಳಿದುವೆಂದು ಎಣಿಸಿದುದಾಯಿತು. ಎಣಿಸುವವರು ಇಬ್ಬರು. ಎರಡನೆಯವರಿಗೆ ಪ್ರಾಕ್ಕಲ್ಪನೆಯನ್ನು ತಿಳಿಸಿಲ್ಲ. ತಿಳಿಸಿದ್ದರೆ ಅನುಮಾನದ ಅಂಕವನ್ನೆಲ್ಲ ಜಾತ್ರೆಯ ಕಥೆಗೆ ಕೊಟ್ಟಾರು. ಇಬ್ಬರ ಎಣಿಕೆ ಎಷ್ಟರಮಟ್ಟಿಗೆ ಕೂಡಿಬಂದಿತೆಂಬುದನ್ನೂ ಬರೆಯಬೇಕು.

ಫಲಿತಾಂಶದಲ್ಲಿ ಸರಾಸರಿಯನ್ನು ಮಾತ್ರ ಹೇಳಿದರೆ ಸಾಲದು. ಮೂವರು ಕ್ರಮವಾಗಿ ೧೧, ೧೨, ೧೩ ಅಂಶಗಳನ್ನು ನೆನೆದರೆ ಸರಾಸರಿ ೧೨. ಇನ್ನು ಮೂವರು ೪, ೧೨, ೨೦ ಅಂಶಗಳನ್ನು ನೆನೆದರೂ ಸರಾಸರಿ ೧೨ ಆಗುತ್ತದೆ. ಎರಡು ಗುಂಪುಗಳೂ ಒಂದೇ ತೆರನಾದುವೇ? ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದನ್ನು ಸೂಚಿಸುವ ಪ್ರಮಾಣ ವಿಚಲನೆಯನ್ನು ಸಂಖ್ಯಾಶಾಸ್ತ್ರ ಕೇಳುವುದು ಇದಕ್ಕಾಗಿಯೇ. ಇದರ ಮೇಲೆ ‘ನೂರಕ್ಕೆ ಐದು’ ಎಂಬ ಪ್ರಸಿದ್ಧ ಗಡಿಯೊಂದಿದೆ. ಎರಡು ಪಾಠಗಳಿಗೆ ನಿಜವಾಗಿ ಯಾವ ಭೇದವೂ ಇಲ್ಲದಿದ್ದಾಗಲೂ, ಕೇವಲ ಆಕಸ್ಮಿಕದಿಂದ ಇಷ್ಟು ಅಥವಾ ಇದಕ್ಕೂ ದೊಡ್ಡ ಅಂತರ ಕಾಣಿಸುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ, ಆ ಅಂತರವನ್ನು ಗಣನೀಯವೆಂದು ಕರೆಯುವುದು ವಾಡಿಕೆ.

ವಿದ್ಯಾರ್ಥಿನಿಯ ಅಂತರ ಆ ಗಡಿಯನ್ನು ದಾಟಲಿಲ್ಲವೆಂದು ಭಾವಿಸೋಣ. ಜಾತ್ರೆಯ ಕಥೆಯೂ ಹಿಮದ ಕಥೆಯೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ನೆನಪಿನಲ್ಲಿ ಉಳಿದಿವೆ. ಆದರೆ ಇನ್ನೊಂದು ವಿಚಿತ್ರ ಕಾಣಿಸಿತು. ಜಾತ್ರೆಯ ಕಥೆಯನ್ನು ಕೇಳಿದವರು ಅದರಲ್ಲಿ ಇಲ್ಲದ ಸಂಗತಿಗಳನ್ನು ಧಾರಾಳವಾಗಿ ಸೇರಿಸಿದ್ದಾರೆ. ಒಬ್ಬರು ಮಗುವಿನ ಹಣೆಗೆ ಭಂಡಾರ ಹಚ್ಚಿದ್ದಾರೆ. ಇನ್ನೊಬ್ಬರು ಮಗು ಸಿಕ್ಕಾಗ ತಾಯಿಯಿಂದ ‘ಉಧೋ ಉಧೋ’ ಎನ್ನಿಸಿದ್ದಾರೆ.

ಈಗ ಅವಳ ಮುಂದೆ ಎರಡು ಆಮಿಷಗಳು. ಮೊದಲನೆಯದನ್ನು ತಂದವಳು ಗೆಳತಿ: “ಮೂರು ಮಂದಿ ಕಥೆ ಕೇಳುವಾಗ ತೂಕಡಿಸಿದರಲ್ಲ, ಅವರನ್ನು ಬಿಟ್ಟುಬಿಡು. ಅಂತರ ಗಡಿ ದಾಟುತ್ತದೆ.” ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಅವರು ತೂಕಡಿಸಿದುದು ನೆನಪಾದದ್ದು ಫಲಿತಾಂಶ ಕೈಕೊಟ್ಟ ಮೇಲೆ. ಹಿಮದ ಕಥೆಗೆ ತೂಕಡಿಸಿದವರನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಯಾರನ್ನು ಬಿಡಬೇಕೆಂಬ ನಿಯಮವನ್ನು ಫಲವನ್ನು ನೋಡುವ ಮೊದಲೇ ಗೊತ್ತುಮಾಡಬೇಕು. ಹೀಗೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಸಡಿಲಿಸಿದರೆ ಏನನ್ನು ಬೇಕಾದರೂ ಸಾಧಿಸಬಹುದೆಂದು ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಎಂಬ ಮೂವರು ೨೦೧೧ರಲ್ಲಿ ತೋರಿಸಿಕೊಟ್ಟರು. ನಿರ್ದಿಷ್ಟ ಹಾಡೊಂದನ್ನು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತೆಂದು ಅವರು ಅಂಕಿಗಳಿಂದಲೇ ‘ಸಿದ್ಧ’ ಮಾಡಿದರು! ಅಂಕಿಗಳಲ್ಲಿ ಒಂದೂ ಕಟ್ಟಿದ್ದಲ್ಲ. ಸಡಿಲಿಕೆಯೊಂದೇ ಈ ಪವಾಡಕ್ಕೆ ಸಾಕಾಯಿತು.

ಎರಡನೆಯ ಆಮಿಷ ಇನ್ನೂ ನಯವಾದುದು. ಸೇರ್ಪಡೆಗಳ ಸಂಗತಿ ಸೊಗಸಾಗಿದೆ. ‘ಪರಿಚಿತ ಕಥೆಗೆ ಜನರು ಹೆಚ್ಚು ಸೇರಿಸುತ್ತಾರೆ’ ಎಂಬುದೇ ತನ್ನ ಮೊದಲ ಪ್ರಾಕ್ಕಲ್ಪನೆಯಾಗಿತ್ತೆಂದು ಪೀಠಿಕೆಯಲ್ಲಿ ತಿದ್ದಿಬಿಟ್ಟರೆ ಪ್ರಬಂಧಕ್ಕೆ ಜಯದ ಕಳೆ ಬರುತ್ತದೆ. ನಾರ್ಬರ್ಟ್ ಕರ್ ಎಂಬ ವಿದ್ವಾಂಸರು ೧೯೯೮ರಲ್ಲಿ ಈ ಚಾಳಿಗೆ ಹೆಸರಿಟ್ಟು ಅದರ ಕೇಡನ್ನು ವಿವರಿಸಿದರು. ಬಾಣ ನೆಟ್ಟಲ್ಲಿಗೆ ಹೋಗಿ ಅದರ ಸುತ್ತ ಗುರಿಯ ವೃತ್ತವನ್ನು ಬರೆದಂತೆ ಇದು. ಗುರಿಕಾರನೆಂದು ಹೆಸರು ಬರುತ್ತದೆ; ಗುರಿ ಹಿಡಿಯಲು ಮಾತ್ರ ಬಾರದು.

ಈ ಆಮಿಷಗಳಿಗೆ ಮಣಿದವರಿಂದ ಶಾಸ್ತ್ರಕ್ಕೆ ಒದಗಿದ ಕಷ್ಟ ಸಣ್ಣದಲ್ಲ. ಇಷ್ಟಕ್ಕೇ ನಿಲ್ಲದೆ ಅಂಕಿಗಳನ್ನೇ ಕಟ್ಟಿದವರೂ ಇದ್ದರು. ನೆದರ್ಲೆಂಡ್ಸಿನ ಪ್ರಖ್ಯಾತ ಪ್ರಾಧ್ಯಾಪಕರಾಗಿದ್ದ ಡೀಡೆರಿಕ್ ಸ್ಟಾಪೆಲ್ ಹೀಗೆ ಮಾಡಿದ್ದರೆಂದು ೨೦೧೧ರಲ್ಲಿ ಬಯಲಾಗಿ, ಅವರ ೫೦ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ೨೦೧೫ರಲ್ಲಿ ಬ್ರಯನ್ ನೋಸೆಕ್ ಅವರ ಮುಂದಾಳುತನದಲ್ಲಿ ವಿದ್ವಾಂಸರ ದೊಡ್ಡ ತಂಡವೊಂದು, ಹೆಸರಾಂತ ಪತ್ರಿಕೆಗಳಲ್ಲಿ ಬಂದ ೧೦೦ ಅಧ್ಯಯನಗಳನ್ನು ಮತ್ತೆ ನಡೆಯಿಸಿ ನೋಡಿದ ಫಲವನ್ನು ಪ್ರಕಟಿಸಿತು. ಮೂಲದಲ್ಲಿ ನೂರಕ್ಕೆ ೯೭ ಗಣನೀಯ ಫಲವನ್ನು ಸಾರಿದ್ದುವು. ಮರುಪ್ರಯೋಗದಲ್ಲಿ ಹಾಗೆ ನಿಂತುವು ನೂರಕ್ಕೆ ೩೬ ಮಾತ್ರ. ಉಳಿದುವೆಲ್ಲ ಮೋಸವೆಂದಲ್ಲ. ಚಿಕ್ಕ ಗುಂಪು, ಆಕಸ್ಮಿಕ, ಸೋಲನ್ನು ಅಚ್ಚುಹಾಕದ ಪತ್ರಿಕೆಗಳ ಒಲವು – ಹೀಗೆ ಕಾರಣಗಳು ಹಲವು. ಅಂದಿನಿಂದ, ಪ್ರಾಕ್ಕಲ್ಪನೆಯನ್ನು ಪ್ರಯೋಗಕ್ಕೆ ಮೊದಲೇ ಬಹಿರಂಗವಾಗಿ ನೋಂದಾಯಿಸುವ ಪದ್ಧತಿ ಬಲಗೊಂಡಿದೆ.

ವಿದ್ಯಾರ್ಥಿನಿ ಅಂದು ತಾರೀಕು ಹಾಕಿ ಕೊಟ್ಟ ಕಾಗದ ಇಂತಹ ನೋಂದಣಿಯೇ. ಮಾರ್ಗದರ್ಶಕರ ಮೇಜಿನೊಳಗಿನ ಆ ಒಂದು ಹಾಳೆ ಅವಳ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಅವಳು ಬರೆಯುತ್ತಾಳೆ: ಮೊದಲ ಪ್ರಾಕ್ಕಲ್ಪನೆಗೆ ಆಧಾರ ದೊರೆಯಲಿಲ್ಲ. ಸೇರ್ಪಡೆಗಳ ವಿಷಯ ಪ್ರಯೋಗದ ನಂತರ ಕಂಡುದು. ಅದನ್ನು ನಿರ್ಣಯವೆಂದಲ್ಲ, ಮುಂದೆ ಪರೀಕ್ಷಿಸಬೇಕಾದ ಪ್ರಶ್ನೆಯೆಂದು ತಿಳಿಯಬೇಕು. ನಾಲ್ವತ್ತು ಮಂದಿ ಕಡಿಮೆ. ಕಥೆಯನ್ನು ನೋಡಿದ ಕೂಡಲೇ ಅದು ಯಾವ ಗುಂಪಿನದೆಂದು ಎಣಿಸುವವರಿಗೆ ತಿಳಿಯುವುದರಿಂದ ಪಕ್ಷಪಾತವನ್ನು ಪೂರ್ಣವಾಗಿ ತಡೆಯಲಾಗಲಿಲ್ಲ. ಸವದತ್ತಿಯಲ್ಲಿ ಒಬ್ಬರಿಗೆ ಸೂಚನೆಯಲ್ಲಿಲ್ಲದ ಮಾತನ್ನು ಹೇಳಲಾಯಿತು.

ಇಂತಹ ಪ್ರಬಂಧಕ್ಕೆ ಅಂಕ ಕಡಿಮೆಯಾದೀತೆಂಬ ಅಂಜಿಕೆ ಅವಳಿಗಿದೆ, ಮನೆಯವರಿಗೂ ಇದ್ದೀತು. ಮಗಳು ವರ್ಷವಿಡೀ ದುಡಿದು ‘ಊಹೆ ನಿಜವಾಗಲಿಲ್ಲ’ ಎಂದು ಬರೆದರೆ ಅದೆಂತಹ ಸಾಧನೆ? ಇದು ತಂದೆತಾಯಿಗಳೂ ಅಧ್ಯಾಪಕರೂ ಕೂಡಿ ಯೋಚಿಸಬೇಕಾದ ವಿಷಯ. ಊಹೆ ನಿಜವಾದುದಕ್ಕೆ ಮಾತ್ರ ಬೆನ್ನು ತಟ್ಟುವ ಮನೆಯಲ್ಲಿಯೂ ತರಗತಿಯಲ್ಲಿಯೂ ಅಂಕಿಗಳು ತಾವಾಗಿಯೇ ಬಾಗಲು ಕಲಿಯುತ್ತವೆ. ಕೇಳಬೇಕಾದ ಪ್ರಶ್ನೆ ‘ಗೆದ್ದೆಯಾ?’ ಎಂಬುದಲ್ಲ, ‘ಕಂಡುದನ್ನು ಕಂಡಂತೆ ಬರೆದೆಯಾ?’ ಎಂಬುದು.

ಲಾವಣಿಕಾರನಿಗೆ ಬೇರೆ ಧರ್ಮವಿದೆ. ಸಂಗೊಳ್ಳಿ ರಾಯಣ್ಣನ ಹಾಡಿಗೆ ಒಂದು ಕುದುರೆಯನ್ನೋ ಒಂದು ಮಿಂಚನ್ನೋ ಅವನು ಸೇರಿಸಿದರೆ ಕೇಳುವವರ ಎದೆ ಉಬ್ಬುತ್ತದೆ, ಯಾರಿಗೂ ನಷ್ಟವಿಲ್ಲ. ಕಥೆ ಬದಲಾಗುತ್ತ ಬಾಳುತ್ತದೆ. ಕಥೆ ಹೇಗೆ ಬದಲಾಯಿತೆಂದು ಎಣಿಸಲು ಹೊರಟವಳ ಲೆಕ್ಕವೂ ಅದರಂತೆಯೇ ಬದಲಾದರೆ ಅಳೆಯುವ ಕೋಲೇ ಬಾಗಿದಂತೆ.

ನಾಳೆ ರಾಮದುರ್ಗದಲ್ಲಿ ಇನ್ನೊಬ್ಬ ವಿದ್ಯಾರ್ಥಿ ಅವಳ ಪ್ರಬಂಧವನ್ನು ತೆರೆಯುತ್ತಾನೆ. ಅವಳ ಮುಖವನ್ನು ಅವನು ಕಂಡಿಲ್ಲ. ಅನುಬಂಧದಲ್ಲಿರುವ ಎರಡು ಕಥೆಗಳನ್ನು ಎತ್ತಿಕೊಂಡು, ಈ ಸಲ ನೂರು ಮಂದಿಯನ್ನು ಕೂಡಿಸಿ, ಸೇರ್ಪಡೆಗಳನ್ನೇ ಮೊದಲ ಪ್ರಶ್ನೆಯಾಗಿ ಬರೆದು, ತಾರೀಕು ಹಾಕುತ್ತಾನೆ. ಸೂಚನೆಯ ಕಾಗದದಲ್ಲಿ ಒಂದು ಸಾಲನ್ನು ಎಲ್ಲರಿಗೂ ಸಲ್ಲುವಂತೆ ಹೊಸದಾಗಿ ಸೇರಿಸುತ್ತಾನೆ: ‘ಇದು ಪರೀಕ್ಷೆ ಅಲ್ಲ. ನಿಮಗೆ ನೆನಪಾದಷ್ಟು ಹೇಳಿರಿ, ಸಾಕು.’